ಪದಚರ್ಚೆ: ಒಣಗಿದ್ದೆಲ್ಲ ‘ಒಣ ಕಸ’ವೇ? ‘ವಿಲೇವಾರಿ’ ಎಂದರೆ ಯಾವ ಕೆಲಸ?

ನಮಸ್ಕಾರ.

ಕೊಪ್ಪಳದ ಒಂದು ವಾರ್ಡಿನ ಮನೆಗಳಿಗೆ ಹಂಚಲು, ಕಸ ಬೇರ್ಪಡಿಸುವ ಬಗ್ಗೆ ಒಂದು ಪುಟದ ಕರಪತ್ರ ಸಿದ್ಧವಾಗುತ್ತಿದೆ. ಮೂರು ಕಡೆ ಪದ ಗಟ್ಟಿಯಾಗಿಲ್ಲ.

ಮೊದಲನೆಯದು ‘ಹಸಿ ಕಸ, ಒಣ ಕಸ’. ಏಪ್ರಿಲ್ ಬಿಸಿಲಿಗೆ ಉಳ್ಳಾಗಡ್ಡಿ ಸಿಪ್ಪೆ ಒಂದೇ ದಿನದಲ್ಲಿ ಗರಿಗರಿಯಾಗುತ್ತದೆ. ಜನ ಅದನ್ನು ‘ಒಣ’ ಎಂದು ನೀಲಿ ಬುಟ್ಟಿಗೆ ಹಾಕುತ್ತಾರೆ. ಹಾಲಿನ ಪ್ಯಾಕೆಟ್ ಒದ್ದೆ ಇದೆಯೆಂದು ಹಸಿರು ಬುಟ್ಟಿಗೆ ಹೋಗುತ್ತದೆ. ‘ಕೊಳೆಯುವ, ಕೊಳೆಯದ’ ಎಂದು ಬದಲಿಸಬಹುದೇ? ಇನ್ನು ‘ವಿಲೇವಾರಿ’: ಮನೆಯಿಂದ ಕಸ ಒಯ್ಯುವುದಕ್ಕೂ, ಗೊಬ್ಬರ ಮಾಡುವುದಕ್ಕೂ, ಊರಾಚೆ ಸುರಿಯುವುದಕ್ಕೂ ಇದೊಂದೇ ಪದ ಓಡುತ್ತಿದೆ. ಕೊನೆಗೆ, ಗೊಬ್ಬರಕ್ಕೂ ಗುಜರಿಗೂ ಬಾರದೆ ಉಳಿಯುವ ಕಸಕ್ಕೆ ಸಂಸ್ಕರಣಾ ಘಟಕದವರು ‘ರಿಜೆಕ್ಟ್’ ಅನ್ನುತ್ತಾರೆ. ಅದಕ್ಕೆ ಜನ ಆಡುವ ಮಾತು ಯಾವುದು?

ಉತ್ತರ 1

ಮೇಡಂ, ಜೋಡಿಯನ್ನು ಬದಲಿಸಬೇಡಿ, ಅದರ ಅರ್ಥ ಬಿಡಿಸಿ ಬರೆಯಿರಿ. ಗಾಡಿಯ ಮೈಕಿನಲ್ಲಿ ಒಂದು, ಕರಪತ್ರದಲ್ಲಿ ಇನ್ನೊಂದು ಆದರೆ ಗೊಂದಲ ಹೆಚ್ಚುತ್ತದೆ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲೇ ಒಣ ಕಸಕ್ಕೆ ವ್ಯಾಖ್ಯೆ ಇತ್ತು: ಕೊಳೆಯುವ ಕಸ, ಬೀದಿ ಗುಡಿಸಿದ ಮಣ್ಣುಮಸಿ ಬಿಟ್ಟು ಉಳಿದದ್ದು. ನೀರಿನ ಅಂಶದ ಮಾತೇ ಅಲ್ಲಿರಲಿಲ್ಲ. ಹಾಗಾಗಿ ‘ಹಸಿ ಕಸ (ಕೊಳೆತು ಗೊಬ್ಬರವಾಗುವುದು, ಒಣಗಿದ್ದರೂ ಸರಿ)’ ಎಂದು ಬರೆದು, ಕೆಳಗೆ ನಮ್ಮ ಕಡೆಯ ಮನೆಗಳ ಉದಾಹರಣೆ ಕೊಡಿ: ಶೇಂಗಾ ಸಿಪ್ಪೆ, ಉಳ್ಳಾಗಡ್ಡಿ ಸಿಪ್ಪೆ, ಉದುರಿದ ಬೇವಿನೆಲೆ, ಸೋಸಿದ ಚಹಾಪುಡಿ, ದಾರ ತೆಗೆದ ಹೂವಿನ ಹಾರ. ಮಿರ್ಚಿ ಕಟ್ಟಿದ ಎಣ್ಣೆ ಕಾಗದವನ್ನು ಜನ ರದ್ದಿಯ ಜೊತೆ ಇಡುತ್ತಾರೆ. ಎಣ್ಣೆ ಹತ್ತಿದ ಕಾಗದ ಮತ್ತೆ ಕಾಗದವಾಗುವುದಿಲ್ಲ, ಹರಿದು ಹಸಿ ಕಸಕ್ಕೇ ಹಾಕಲಿ.

ಇದು ಬರೀ ಪದದ ತಕರಾರಲ್ಲ. ಗೊಬ್ಬರದ ರಾಶಿಗೆ ನೂರಕ್ಕೆ 50ರಿಂದ 60ರಷ್ಟು ತೇವ ಬೇಕು. ಹಿಡಿಯಷ್ಟು ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಇಳಿಯಬಾರದು. ಬರೀ ಅನ್ನ, ಸಾರು, ತರಕಾರಿ ಬಿದ್ದರೆ ರಾಶಿ ಅಂಟಂಟಾಗಿ, ಒಳಗೆ ಗಾಳಿಯಾಡದೆ ನಾರುತ್ತದೆ. ಅದನ್ನು ಸಡಿಲ ಮಾಡುವುದು ಈ ಒಣಗಿದ ಎಲೆ, ಸಿಪ್ಪೆಗಳೇ. ಅವು ನೀಲಿ ಬುಟ್ಟಿಗೆ ಹೋದರೆ ಗೊಬ್ಬರಕ್ಕೂ ನಷ್ಟ, ಆರಿಸುವವರಿಗೂ ಕಿರಿಕಿರಿ. ಇತ್ತ ಹಾಲಿನ ಪ್ಯಾಕೆಟ್ ರಾಶಿಗೆ ಬಿದ್ದರೆ ಚೂರಾಗಿ, ಕೊನೆಯ 4 ಮಿ.ಮೀ. ಜರಡಿಯಲ್ಲೂ ಸಣ್ಣ ತುಣುಕು ಇಳಿದುಬಿಡುತ್ತವೆ. ಅಂಥ ಗೊಬ್ಬರವನ್ನು ರೈತರು ಹೊಲಕ್ಕೆ ಒಯ್ಯುವುದಿಲ್ಲ. ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ಅಂಟಿಕೊಂಡಿರುವಂತೆ ಸೀಳಿ, ತೊಳೆದು ಹಾಕಲು ಹೇಳಿ. ಬೇರೆಯಾದ ಆ ಮೂಲೆ ಯಾರ ಕೈಗೂ ಸಿಗುವುದಿಲ್ಲ.

ಬಳ್ಳಾರಿಯವರು ಈ ಕರಪತ್ರ ಬಳಸುವುದಾದರೆ ‘ಚಿಂದಿ’ ಸೇರಿಸಿ. ಮನೆಯಲ್ಲೇ ಜೀನ್ಸ್ ಹೊಲಿಯುವವರ ಬಟ್ಟೆ ತುಂಡುಗಳು ಹಸಿ ಕಸದಲ್ಲಿ ಬಂದರೆ ತಿರುಗುವ ಜರಡಿಯ ದಂಡಕ್ಕೆ ಸುತ್ತಿಕೊಂಡು ಯಂತ್ರ ನಿಲ್ಲುತ್ತದೆ. ಚಿಂದಿಯನ್ನು ಪ್ರತ್ಯೇಕ ಚೀಲದಲ್ಲೇ ಕೊಡಬೇಕು.

ಹಳೆಯ ಕರಪತ್ರದಿಂದ ಒಂದು ಸಾಲನ್ನು ಮಾತ್ರ ನಕಲು ಮಾಡಬೇಡಿ. 2016ರ ನಿಯಮದಲ್ಲಿ ಪ್ಯಾಡ್, ಡೈಪರ್‌ಗಳನ್ನು ಸುತ್ತಿ ಒಣ ಕಸದ ಬುಟ್ಟಿಗೆ ಹಾಕಬೇಕೆಂದಿತ್ತು. 2026ರ ಹೊಸ ನಿಯಮಗಳಲ್ಲಿ ಅವು ಬೇರೆಯೇ ಒಂದು ವರ್ಗ. ಹಸಿ, ಒಣ, ಸ್ಯಾನಿಟರಿ, ವಿಶೇಷ ನಿಗಾ ಬೇಕಾದ ಕಸ (ಬಲ್ಬ್, ಹಳೆಯ ಔಷಧಿ ಇಂಥವು) ಎಂದು ಒಟ್ಟು ನಾಲ್ಕು. ಇಲ್ಲಿ ‘ನೈರ್ಮಲ್ಯ ತ್ಯಾಜ್ಯ’ ಎಂದು ಬರೆದರೆ ಯಾರಿಗೂ ತಿಳಿಯದು. ‘ಪ್ಯಾಡ್, ಡೈಪರ್ (ಕಾಗದದಲ್ಲಿ ಸುತ್ತಿ, ಬೇರೆ ಕೊಡಿ)’ ಎಂದು ನೇರವಾಗಿಯೇ ಬರೆಯಿರಿ. ಬರಿಗೈಯಲ್ಲಿ ಅದನ್ನು ಆರಿಸುವ ಪೌರಕಾರ್ಮಿಕರ ಮುಂದೆ ನಮ್ಮ ಸಂಕೋಚ ದೊಡ್ಡದಲ್ಲ.

ಉತ್ತರ 2

‘ವಿಲೇವಾರಿ’ ಬಗ್ಗೆ. ನಿಯಮದ ಭಾಷೆಯಲ್ಲಿ ಅದು ಕಟ್ಟಕಡೆಯ ಕೆಲಸ. ಗೊಬ್ಬರ ಮಾಡಿ, ಗುಜರಿಗೆ ಹೋಗುವುದನ್ನು ಆರಿಸಿ ತೆಗೆದ ಮೇಲೆ ಉಳಿದದ್ದನ್ನು, ಜೊತೆಗೆ ಗಟಾರದ ಹೂಳು, ಬೀದಿಯ ಮಣ್ಣನ್ನು ನೆಲದಲ್ಲಿ ಸುರಕ್ಷಿತವಾಗಿ ಹಾಕುವುದಷ್ಟೇ ವಿಲೇವಾರಿ. ಅದಕ್ಕೆ ಮುಂಚಿನದು ಸಂಗ್ರಹ, ಸಾಗಣೆ, ಸಂಸ್ಕರಣೆ. ಗಾಡಿಯ ಮೇಲೆ ‘ಕಸ ವಿಲೇವಾರಿ ವಾಹನ’ ಎಂದು ಬರೆದಾಗ, ಬುಟ್ಟಿಯಿಂದ ನೇರ ಸುರಿಯುವ ಜಾಗಕ್ಕೆ ಎಂಬ ಅರ್ಥ ಬಂದು, ಬೇರ್ಪಡಿಸಿ ಏನು ಪ್ರಯೋಜನ ಎಂದು ಜನ ಕೇಳುತ್ತಾರೆ. ಅವರು ಕೇಳುವುದು ನ್ಯಾಯವೇ. ಕರಪತ್ರದಲ್ಲಿ ‘ಕಸ ಸಂಗ್ರಹ ಗಾಡಿ’ ಎನ್ನಿ.

ಸುರಿಯುವ ಜಾಗಕ್ಕೆ ‘ತಿಪ್ಪೆ’ ಎಂದೂ ಬರೆಯಬೇಡಿ. ರೈತರಿಗೆ ತಿಪ್ಪೆ ಎಂದರೆ ಗೊಬ್ಬರದ ಗಂಟು, ಹೊಲಕ್ಕೆ ಹೋಗುವ ಸೊತ್ತು. ಇದೇ ಬರಹ ಮುಂದೆ ಗ್ರಾಮ ಪಂಚಾಯಿತಿಗಳ ಸ್ವಚ್ಛ ಸಂಕೀರ್ಣಗಳಿಗೂ (ಹಳ್ಳಿಯ ಕಸ ವಿಂಗಡಿಸುವ ಘಟಕಗಳು) ಹೋಗುವುದಿದ್ದರೆ ‘ಮನೆಕಸ’ ಎಂದು ಬಿಡಿಸಿ ಹೇಳುವುದು ಲೇಸು. ಹಳ್ಳಿಯಲ್ಲಿ ‘ಕಸ ತೆಗೆಯೋದು’ ಎಂದರೆ ಹೊಲದ ಕಳೆ ಕೀಳುವುದೂ ಹೌದು.

‘ರಿಜೆಕ್ಟ್’ಗೆ ‘ಉಳಿಕೆ ಕಸ’ ಸಾಕು. ‘ನಿರುಪಯುಕ್ತ’ ಬೇಡ. ಮರುಬಳಕೆಗೆ ಬಾರದಿದ್ದರೂ ಕಿಲೋಗೆ 1,500 ಕಿಲೋಕ್ಯಾಲರಿ ಅಥವಾ ಹೆಚ್ಚು ಶಾಖ ಕೊಡುವ ಕಸವನ್ನು ನೆಲದಲ್ಲಿ ಹೂಳಬಾರದು, ಇಂಧನಕ್ಕೆ ಕಳಿಸಬೇಕು ಎಂದು 2016ರ ನಿಯಮವೇ ಹೇಳಿತ್ತು. ಚಿಪ್ಸ್ ಪೊಟ್ಟಣ, ಹರಿದ ಚಪ್ಪಲಿ ಇಂಥವು. ಗುಜರಿಯವರು ಕೊಳ್ಳದಿದ್ದರೂ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಉರಿಯುತ್ತವೆ. ಒಡೆದ ಪಿಂಗಾಣಿ, ಒಲೆಯ ಬೂದಿ ಉರಿಯುವುದಿಲ್ಲ, ಅವನ್ನು ಬೇರೆ ಸಾಲಿನಲ್ಲಿ ಬರೆಯಿರಿ.