ಪದಚರ್ಚೆ: ಕಾಕ್ಲಿಯರ್ ಇಂಪ್ಲಾಂಟಿನ ಚರಿತ್ರೆಯಲ್ಲಿ ‘ಚಾನೆಲ್’

ಮಾನ್ಯರೇ,

ಆಸ್ಟ್ರೇಲಿಯಾದಲ್ಲಿ ಕಾಕ್ಲಿಯರ್ ಇಂಪ್ಲಾಂಟ್ (ಕಿವಿ ಕೇಳದವರ ಒಳಗಿವಿಯಲ್ಲಿ ಅಳವಡಿಸಿ ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಸಾಧನ) ರೂಪುಗೊಂಡ ಬಗೆಯನ್ನು ಕನ್ನಡದಲ್ಲಿ ಬರೆಯುವಾಗ ‘ಮಲ್ಟಿಚಾನೆಲ್’ (ಮಾಹಿತಿ ಸಾಗಿಸುವ ಹಲವು ದಾರಿಗಳುಳ್ಳ) ಎಂಬುದಕ್ಕೆ ಯಾವ ಪದ ಒಪ್ಪುತ್ತದೆ? ‘ಬಹುವಾಹಿನಿ’ ಎಂದರೆ ಮೊದಲು ನೆನಪಾಗುವುದು ಟಿವಿ. ‘ಬಹುವಿದ್ಯುದಗ್ರ’ (ವಿದ್ಯುದಗ್ರವೆಂದರೆ ಎಲೆಕ್ಟ್ರೋಡ್) ಎಂದರೆ ಅರ್ಥವೇ ಬೇರೆಯಾಗುತ್ತದೆ, ಮತ್ತು ಇದೇ ದೊಡ್ಡ ತೊಡಕು.

ಅಲ್ಲಿ ಈ ಸಾಧನವನ್ನು ರೂಪಿಸಿದ ಕಿವಿವೈದ್ಯ ಗ್ರೇಮ್ ಕ್ಲಾರ್ಕ್ ಅವರು 1960ರ ದಶಕದ ಕೊನೆಯಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ವಿದ್ಯುತ್ ಮಿಡಿತಗಳ ವೇಗವನ್ನು ಹೆಚ್ಚಿಸುತ್ತ ಹೋದರೆ ಮಿದುಳುಕಾಂಡದ ನರಕೋಶಗಳು ಒಂದು ಮಿತಿಯಾಚೆಗೆ ಅದನ್ನು ಅನುಸರಿಸಲಾರವೆಂದು ಕಂಡುಕೊಂಡರು. ಹಾಗಾಗಿ ಒಂದೇ ತಾಣವನ್ನು ಪ್ರಚೋದಿಸಿ ಮಾತನ್ನು ತಿಳಿಸುವುದು ಸಾಲದು. ಕಾಕ್ಲಿಯಾದ (ಒಳಗಿವಿಯ ಸುರುಳಿಯಾಕಾರದ ಭಾಗದ) ಬುಡದಲ್ಲಿ ಹೆಚ್ಚಿನ ಆವರ್ತನಗಳೂ ತುದಿಯತ್ತ ಕಡಿಮೆ ಆವರ್ತನಗಳೂ ಗ್ರಹಿಕೆಯಾಗುವುದರಿಂದ, ಬೇರೆ ಬೇರೆ ತಾಣಗಳನ್ನು ಬೇರೆ ಬೇರೆಯಾಗಿ ಪ್ರಚೋದಿಸಬೇಕೆಂಬ ನಿಲುವಿಗೆ ಅವರು ಬಂದರು. ಅಷ್ಟು ಒಳಗೆ ತಂತಿಯನ್ನು ತೂರಿಸುವ ದಾರಿ ಹೊಳೆದದ್ದು 1977ರಲ್ಲಿ, ಕಡಲತೀರದಲ್ಲಿ ಸಿಕ್ಕ ಶಂಖದಂಥ ಚಿಪ್ಪಿನೊಳಗೆ ಹುಲ್ಲಿನ ಎಸಳನ್ನು ತೂರಿಸಿ ನೋಡಿದಾಗ: ತುದಿ ಮೆತ್ತಗಿದ್ದು ಬುಡ ಗಡುಸಾಗಿದ್ದರೆ ಅದು ಸುರುಳಿಯೊಳಗೆ ಸಾಗುತ್ತಿತ್ತು. (ಕಾಕ್ಲಿಯಾಕ್ಕೆ ‘ಕರ್ಣಶಂಖ’ ಎನ್ನುವುದು ನನಗೆ ಇನ್ನಷ್ಟು ಇಷ್ಟವಾಗಲು ಇದೂ ಕಾರಣ.) 1978ರ ಆಗಸ್ಟ್ 1ರಂದು ಮೆಲ್ಬರ್ನ್‌ನ ರಾಯಲ್ ವಿಕ್ಟೋರಿಯನ್ ಕಣ್ಣು ಮತ್ತು ಕಿವಿ ಆಸ್ಪತ್ರೆಯಲ್ಲಿ ಅವರ ತಂಡದ ಮೊದಲ ಅಳವಡಿಕೆ ನಡೆಯಿತು.

ಪದದ ಗಂಟು ಇರುವುದು ಮುಂದಿನ ಹಂತದಲ್ಲಿ. ಮೆಲ್ಬರ್ನ್ ತಂಡದ ಆರಂಭದ ಸಂಕೇತಕ್ರಮದಲ್ಲಿ (ಮಾತನ್ನು ವಿದ್ಯುತ್ ಮಿಡಿತಗಳಾಗಿ ಮಾರ್ಪಡಿಸುವ ಕ್ರಮದಲ್ಲಿ) ಧ್ವನಿಯ ಮೂಲ ಆವರ್ತನವು ಮಿಡಿತಗಳ ವೇಗವನ್ನೂ, ಮಾತಿನ ಎರಡನೆಯ ಫಾರ್ಮಂಟ್ (ಬಾಯಿ-ಗಂಟಲಿನ ಅನುರಣನದ ಆವರ್ತನ) ಯಾವ ವಿದ್ಯುದಗ್ರ ಮಿಡಿಯಬೇಕೆಂಬುದನ್ನೂ ನಿರ್ಧರಿಸುತ್ತಿದ್ದವು. ಒಂದು ಕ್ಷಣಕ್ಕೆ ಮಿಡಿಯುತ್ತಿದ್ದುದು ಒಂದೇ ತಾಣ. ಆದರೂ ಅದು ಮಲ್ಟಿಚಾನೆಲ್, ಏಕೆಂದರೆ ತಾಣದ ಆಯ್ಕೆಯೇ ಸುದ್ದಿಯನ್ನು ಹೊರುತ್ತದೆ. 1985ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ವಯಸ್ಕರಿಗೆ ಒಪ್ಪಿದ, ಮೆಲ್ಬರ್ನ್ ತಂಡದ ಕೆಲಸದಿಂದ ಬೆಳೆದ ನ್ಯೂಕ್ಲಿಯಸ್ ಸಾಧನದಲ್ಲಿ 22 ವಿದ್ಯುದಗ್ರಗಳಿದ್ದವು. ಅವು ಜೋಡಿಯಾಗಿ ಕೆಲಸ ಮಾಡುತ್ತಿದ್ದುದರಿಂದ ಚಾನೆಲ್‌ಗಳ ಲೆಕ್ಕ ಅಷ್ಟೇ ಆಗಿರಲಿಲ್ಲ. ಆದ್ದರಿಂದ ‘ಬಹುವಿದ್ಯುದಗ್ರ’ವೂ ಸಲ್ಲದು, ‘ಏಕಕಾಲಕ್ಕೆ ಹರಿಯುವ ಹಲವು ವಾಹಿನಿಗಳು’ ಎಂಬ ವಿವರಣೆಯೂ ಸಲ್ಲದು.

ನನ್ನ ಒಲವು ‘ಬಹುತಾಣ’ ಎಂಬುದರತ್ತ ಇದೆ. ಆದರೆ ‘ಏಕತಾಣ’ ಎಂಬ ಅದರ ಜೊತೆಪದ, 1984ರಲ್ಲಿ ಒಪ್ಪಿಗೆ ಪಡೆದ ಅಮೆರಿಕದ ಸಿಂಗಲ್ ಚಾನೆಲ್ ಸಾಧನಕ್ಕೆ ಸರಿಹೊಂದುತ್ತದೆಯೇ? ಮಕ್ಕಳ ತಂದೆತಾಯಿಗೆ ಈ ವಿಷಯವನ್ನು ದಿನವೂ ವಿವರಿಸುವ ಶ್ರವಣತಜ್ಞರು ಕನ್ನಡದಲ್ಲಿ ಯಾವ ಪದ ಬಳಸುತ್ತಾರೆಂಬುದನ್ನು ತಿಳಿದವರು ದಯವಿಟ್ಟು ತಿಳಿಸಬೇಕು.