ಪದಚರ್ಚೆ: ವಾಹನದ ಬಾಗಿಲಿನ ‘ಚೆಕ್ ಸ್ಟ್ರ್ಯಾಪ್’ಗೆ ಕನ್ನಡದಲ್ಲಿ ಏನೆನ್ನೋಣ?

ಮಾನ್ಯರೇ,

ಮೋಟಾರು ವಾಹನಗಳ ದುರಸ್ತಿ ಕೈಪಿಡಿಯೊಂದನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದ್ದೇನೆ. ಬಾಗಿಲುಗಳ ಅಧ್ಯಾಯಕ್ಕೆ ಬಂದಾಗ, ನನಗಿಂತ ಮೊದಲು ಯಾರೋ ಸಿದ್ಧಪಡಿಸಿಟ್ಟಿದ್ದ ಕರಡಿನಲ್ಲಿ ‘ಬಾಗಿಲು ತಪಾಸಣಾ ಪಟ್ಟಿಯನ್ನು ಬಿಚ್ಚಿ ತೆಗೆಯಿರಿ’ ಎಂಬ ವಾಕ್ಯ ಎದುರಾಯಿತು. ಗೋಡೆಗೆ ತೂಗುಹಾಕಿದ ಯಾವುದೋ ಕಾಗದವನ್ನು ತೆಗೆಯಲು ಹೇಳುತ್ತಿದ್ದಾರೆಂದು ಒಂದು ಕ್ಷಣ ಅನ್ನಿಸಿತು. ಮೂಲವನ್ನು ನೋಡಿದರೆ ಅಲ್ಲಿದ್ದದ್ದು ‘ಡೋರ್ ಚೆಕ್ ಸ್ಟ್ರ್ಯಾಪ್’. ‘ಚೆಕ್’ ಎಂದರೆ ತಪಾಸಣೆ, ‘ಸ್ಟ್ರ್ಯಾಪ್’ ಎಂದರೆ ಪಟ್ಟಿ; ಎರಡೂ ನಿಘಂಟಿನಲ್ಲಿ ಸಿಗುವ ಅರ್ಥಗಳೇ. ಆದರೆ ಕನ್ನಡದ ‘ಪಟ್ಟಿ’ಗೆ ಉದ್ದನೆಯ ತುಂಡು ಎಂಬ ಅರ್ಥದ ಜೊತೆಗೆ ಯಾದಿ ಎಂಬ ಅರ್ಥವೂ ಇರುವುದರಿಂದ, ‘ತಪಾಸಣೆ’ಯ ಪಕ್ಕದಲ್ಲಿ ಬಂದು ಕುಳಿತ ಕೂಡಲೇ ವಾಹನದ ಬಿಡಿಭಾಗವೊಂದು ಕಚೇರಿಯ ಕಡತವಾಗಿಬಿಟ್ಟಿದೆ.

ಆ ವಾಕ್ಯವನ್ನು ತಿದ್ದಲು ಕುಳಿತು ವಾರ ಕಳೆದರೂ ಸಮಾಧಾನ ತರುವ ಪದ ನನಗೆ ಸಿಕ್ಕಿಲ್ಲ. ಹೊಳೆದ ಪದಗಳನ್ನೆಲ್ಲ ‘ಬಿಚ್ಚಿ ತೆಗೆಯಿರಿ’ ಎಂಬ ಅದೇ ವಾಕ್ಯದಲ್ಲಿಟ್ಟು ಓದಿ ನೋಡುತ್ತಿದ್ದೇನೆ. ಬಿಡಿಯಾಗಿ ಚೆನ್ನಾಗಿ ಕೇಳಿಸುವ ಪದ ವಾಕ್ಯದೊಳಗೆ ಹೋದೊಡನೆ ಬೇರೆಯದೇ ಅರ್ಥ ಕೊಡತೊಡಗುತ್ತದೆ. ಅವನ್ನು ನಿಮ್ಮ ಮುಂದಿಟ್ಟು ಅಭಿಪ್ರಾಯ ಕೇಳುವುದು ಈ ಪತ್ರದ ಉದ್ದೇಶ.

ನಿತ್ಯ ಬಳಸಿದರೂ ಕಣ್ಣಿಟ್ಟು ನೋಡದ ಭಾಗವಾದ್ದರಿಂದ ಮೊದಲು ವಸ್ತುವನ್ನು ಬಣ್ಣಿಸುತ್ತೇನೆ. ಕಾರಿನ ಮುಂಬಾಗಿಲನ್ನು ತೆರೆದು, ಅದು ಗಾಡಿಯ ಒಡಲಿಗೆ ಸೇರುವ ಕಡೆ ನೋಡಿದರೆ, ಮೇಲಿನ ಮತ್ತು ಕೆಳಗಿನ ಕೀಲುಗಳ ನಡುವೆ ಚಪ್ಪಟೆಯಾದ ಲೋಹದ ತೋಳೊಂದು ಕಾಣಿಸುತ್ತದೆ. ಅದರ ಒಂದು ತುದಿ ಒಡಲಿನ ಕಂಬಕ್ಕೆ ತಿರುಗುವಂತೆ ಸೇರಿಕೊಂಡಿರುತ್ತದೆ. ಇನ್ನೊಂದು ತುದಿ ಬಾಗಿಲಿನ ಅಂಚಿನಲ್ಲಿರುವ ಸೀಳಿನ ಮೂಲಕ ಬಾಗಿಲಿನ ಪೊಳ್ಳಿನೊಳಕ್ಕೆ ಹೋಗುತ್ತದೆ. ಸೀಳಿನ ಹಿಂದೆ ಬೋಲ್ಟುಗಳಿಂದ ಬಿಗಿದ ಪುಟ್ಟ ಪೆಟ್ಟಿಗೆಯಿದ್ದು, ಅದರೊಳಗಿನ ಎರಡು ಉರುಳೆಗಳು ಸ್ಪ್ರಿಂಗಿನ ಅಥವಾ ರಬ್ಬರಿನ ಒತ್ತಡದಿಂದ ತೋಳನ್ನು ಎರಡೂ ಬದಿಯಿಂದ ಅದುಮುತ್ತಿರುತ್ತವೆ. ತೋಳಿನ ದಪ್ಪ ಉದ್ದಕ್ಕೂ ಒಂದೇ ಸಮನಾಗಿರುವುದಿಲ್ಲ. ಅದರ ಮೇಲೆ ಎರಡು ಮೂರು ಕಡೆ ತಗ್ಗುಗಳಿರುತ್ತವೆ. ಉರುಳೆಗಳು ತಗ್ಗಿಗೆ ಇಳಿದಾಗ ಬಾಗಿಲು ಅಲ್ಲಿ ನಿಲ್ಲುತ್ತದೆ, ಮುಂದಕ್ಕೆ ನೂಕಬೇಕಾದರೆ ಉಬ್ಬನ್ನು ಹತ್ತಿಸುವಷ್ಟು ಬಲ ಹಾಕಬೇಕು. ಬಾಗಿಲು ತೆರೆಯುವಾಗ ಕೈಗೆ ತಿಳಿಯುವ ‘ಕಟಕ್’ ಎಂಬ ಅನುಭವ ಇದರದೇ. ತೋಳಿನ ಕೊನೆಯಲ್ಲಿ ಗುಬುಟಿನಂಥ ತಡೆಯೂ ಅದಕ್ಕೊಂದು ರಬ್ಬರ್ ಮೆತ್ತೆಯೂ ಇದ್ದು, ಅದು ಪೆಟ್ಟಿಗೆಗೆ ಬಂದು ತಾಗಿದ ಮೇಲೆ ಬಾಗಿಲು ಮುಂದೆ ಹೋಗುವುದಿಲ್ಲ. ಸಾಮಾನ್ಯ ಕಾರುಗಳಲ್ಲಿ ಈ ಕೊನೆ ಸುಮಾರು 70 ಡಿಗ್ರಿಯ ಆಸುಪಾಸಿನಲ್ಲಿ ಬರುತ್ತದೆ. ಇದಿಲ್ಲದಿದ್ದರೆ ಬಾಗಿಲು ಮುಂದಕ್ಕೆ ಹಾರಿ ಅದರ ಅಂಚು ಫೆಂಡರಿಗೆ ಬಡಿಯುತ್ತದೆ, ಕೀಲುಗಳು ಬಾಗುತ್ತವೆ. ಬಾಗಿಲಿನ ಅಗಲ ಸುಮಾರು ಒಂದು ಮೀಟರ್, ಈ ತೋಳು ಹಿಡಿಯುವುದಾದರೋ ಕೀಲಿನಿಂದ ಕೆಲವೇ ಸೆಂಟಿಮೀಟರ್ ದೂರದಲ್ಲಿ. ಆದ್ದರಿಂದ ಬಿರುಗಾಳಿ ಬಾಗಿಲಿನ ಹೊರ ಅಂಚಿಗೆ ಕೊಟ್ಟ ನೂಕು ತೋಳಿನ ಬಳಿ ಹತ್ತು ಪಟ್ಟಿಗೂ ಹೆಚ್ಚಾಗಿ ಬೀಳುತ್ತದೆ.

ಹೀಗೆ ಈ ಭಾಗ ಮಾಡುವುದು ಎರಡು ಕೆಲಸ: ಇಷ್ಟಕ್ಕಿಂತ ಹೆಚ್ಚು ತೆರೆಯದಂತೆ ಮಿತಿ ಹಾಕುವುದು, ತೆರೆದಲ್ಲಿಯೇ ಹಿಡಿದು ನಿಲ್ಲಿಸುವುದು. ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ಇಳಿಯುವಾಗ ಬಾಗಿಲು ತಾನಾಗಿ ಬಂದು ಕಾಲಿಗೆ ಬಡಿಯದಿರುವುದು ಎರಡನೆಯ ಕೆಲಸದಿಂದ. ನನ್ನ ತೊಡಕಿನ ಬೇರು ಇಲ್ಲೇ ಇದೆ. ಹುಡುಕಿದ ಪ್ರತಿಯೊಂದು ಪದವೂ ಎರಡರಲ್ಲಿ ಒಂದನ್ನು ಮಾತ್ರ ಹೇಳುತ್ತದೆ. ಬೇರೆ ಭಾಷೆಗಳೂ ಇದೇ ಇಕ್ಕಟ್ಟಿನಲ್ಲಿ ಸಿಕ್ಕಿವೆ ಎನ್ನುವುದೊಂದು ಸಮಾಧಾನ. ಜರ್ಮನ್ ಭಾಷೆಯಲ್ಲಿ ‘ಟ್ಯೂರ್‌ಫಾಂಗ್‌ಬಾಂಡ್’ ಎಂಬ ಹೆಸರಿದೆ, ಅದು ಬಾಗಿಲನ್ನು ಹಿಡಿದುಹಾಕುವ ಪಟ್ಟಿ. ‘ಟ್ಯೂರ್‌ಫೆಸ್ಟ್‌ಷ್ಟೆಲ್ಲರ್’ ಎಂಬ ಇನ್ನೊಂದು ಹೆಸರೂ ಇದೆ, ಅದು ಬಾಗಿಲನ್ನು ಕದಲದಂತೆ ನಿಲ್ಲಿಸುವಂಥದ್ದು. ಮೊದಲನೆಯದರ ಕಣ್ಣು ಮಿತಿಯ ಮೇಲೆ, ಎರಡನೆಯದರ ಕಣ್ಣು ನಿಲುವಿನ ಮೇಲೆ. ಅಂತರರಾಷ್ಟ್ರೀಯ ಪೇಟೆಂಟ್ ವರ್ಗೀಕರಣದಲ್ಲಿ ಇದಕ್ಕೆ ಮೀಸಲಾದ ಇ05ಸಿ 17/00 ಎಂಬ ವಿಭಾಗದ ಶೀರ್ಷಿಕೆಯಂತೂ ತೆರೆದು ಹಿಡಿಯುವ ಸಾಧನಗಳು, ತೆರೆಯುವುದನ್ನು ಮಿತಿಗೊಳಿಸುವ ಸಾಧನಗಳು ಎಂದು ಎರಡನ್ನೂ ಬಿಡಿಸಿ ಹೇಳುತ್ತದೆ. ಅಲ್ಲಿ ಬಾಗಿಲಿಗೆ ಬಳಸಿರುವ ಮಾತು ‘ವಿಂಗ್’. ಅದನ್ನು ‘ರೆಕ್ಕೆ’ ಎಂದು ಅನುವಾದಿಸುವವರು ಮುಂದೆ ಬರಬಹುದೆಂಬ ಭಯ ನನಗಿದೆ. ಅದಕ್ಕೆ ಸರಿಯಾದ ಕನ್ನಡ ‘ಕದ’. ‘ಹೆಬ್ಬಾಗಿಲು’, ‘ಕೋಟೆ ಬಾಗಿಲು’ ಎನ್ನುವಾಗ ‘ಬಾಗಿಲು’ ಹಾದುಹೋಗುವ ಜಾಗವನ್ನೂ ಸೂಚಿಸುತ್ತದೆ, ‘ಕದ’ ಮುಚ್ಚುವ ಹಲಗೆಯನ್ನು ಮಾತ್ರ. ಹಾಗೆ ನೋಡಿದರೆ ಮಿತಿ ಬೀಳುವುದು ಕದಕ್ಕೇ. ಆದರೂ ಮನೆಯ ಕದ ತಟ್ಟುವವರು ಕಾರಿನ ಕದ ತೆಗೆಯುವುದನ್ನು ನಾನು ಕೇಳಿಲ್ಲ, ಕಾರಿಗೆ ಇರುವುದು ಬಾಗಿಲೇ.

‘ಚೆಕ್’ ಪದದ ವಿಷಯವಾಗಿಯೂ ಎರಡು ಮಾತು. ಈ ಪದದ ಮೂಲ ಪರ್ಷಿಯನ್ನಿನ ‘ಶಾಹ್’, ಅಂದರೆ ರಾಜ. ಚದುರಂಗದಲ್ಲಿ ರಾಜನಿಗೆ ಬೆದರಿಕೆ ಬಂದಾಗ ಕೂಗುವ ಈ ಮಾತು ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು, ತಡೆಯುವುದು, ಮುಂದೆ ಹೋಗಗೊಡದಿರುವುದು ಎಂಬ ಅರ್ಥ ಪಡೆಯಿತು. ಪರೀಕ್ಷಿಸಿ ನೋಡುವುದು ಎಂಬ ಅರ್ಥ ಆಮೇಲೆ ಬೆಳೆದದ್ದು. ಕನ್ನಡಿಗರ ಬಾಯಲ್ಲಿ ‘ಚೆಕ್ ಮಾಡು’ ಎಂದು ನೆಲೆನಿಂತದ್ದು ಆ ಎರಡನೆಯ ಅರ್ಥವೇ ಆದ್ದರಿಂದ ಮೊದಲನೆಯದು ನಮ್ಮ ಕಿವಿಗೆ ತಟ್ಟುವುದಿಲ್ಲ. ‘ಚೆಕ್ ಡ್ಯಾಮ್’ ಎಂಬಲ್ಲಿ ಮಾತ್ರ ಅದು ಉಳಿದಿದೆ, ಅದನ್ನು ‘ತಡೆ ಅಣೆ’ ಎಂದು ಸರಿಯಾಗಿಯೇ ಕನ್ನಡಿಸಿದ್ದೇವೆ. ಇನ್ನೊಂದು ಗೊಂದಲವೂ ಇದೆ. ಇಂಗ್ಲಿಷಿನಲ್ಲಿ ಕಟ್ಟಡಗಳ ಸಂದರ್ಭದಲ್ಲಿ ‘ಡೋರ್ ಚೆಕ್’ ಎಂದರೆ ಬಾಗಿಲನ್ನು ನಿಧಾನವಾಗಿ ತಾನಾಗಿ ಮುಚ್ಚಿಸುವ, ಮೇಲ್ಗಡೆ ಕೂಡಿಸುವ ಸಾಧನವೂ ಆಗುತ್ತದೆ. ಅದು ನಮ್ಮ ವಸ್ತುವಲ್ಲ.

ಈಗ ಪದಗಳು. ‘ನಿಯಂತ್ರಕ’, ‘ನಿರ್ಬಂಧಕ’, ‘ಪರಿಮಿತಿಕಾರಕ’ ಮುಂತಾದವನ್ನು ಬೇಗ ಬದಿಗಿಡುತ್ತೇನೆ. ಅವು ತಪ್ಪಲ್ಲ, ಆದರೆ ಎಣ್ಣೆ ಮೆತ್ತಿದ ಕೈಯಲ್ಲಿ ಸ್ಪ್ಯಾನರ್ ಹಿಡಿದವರು ಅವನ್ನು ಉಚ್ಚರಿಸುವ ದೃಶ್ಯ ನನ್ನ ಕಲ್ಪನೆಗೆ ಬರುವುದಿಲ್ಲ. ‘ಕವಾಟ ರೋಧಕ’ ಎಂದು ಮಿತ್ರರೊಬ್ಬರು ಸೂಚಿಸಿದರು. ಸಂಸ್ಕೃತದಲ್ಲಿ ಕವಾಟವೆಂದರೆ ಕದವೇ ಆದರೂ ಇಂದಿನ ಕನ್ನಡ ಪಠ್ಯಗಳಲ್ಲಿ ಅದು ಹೃದಯದ ವಾಲ್ವಿಗೆ ನೆಲೆಯಾದ ಪದವಾದ್ದರಿಂದ, ಓದುಗರು ಎಂಜಿನಿನ ವಾಲ್ವನ್ನು ಬಿಚ್ಚಲು ಹೊರಟಾರು.

‘ಬಾರು’ ನನಗೆ ಬಹಳ ಹಿಡಿಸಿದ ಪದ. ಹಳೆಯ ಮೋಟಾರು ಗಾಡಿಗಳಲ್ಲಿ ಈ ಕೆಲಸ ಮಾಡುತ್ತಿದ್ದದ್ದು ನಿಜವಾಗಿಯೂ ಚರ್ಮದ ಬಾರೇ; ಲೋಹದ ತೋಳು ಬಂದ ಮೇಲೂ ಇಂಗ್ಲಿಷಿನಲ್ಲಿ ‘ಸ್ಟ್ರ್ಯಾಪ್’ ಎಂಬ ಹೆಸರು ಉಳಿದದ್ದು ಆ ಕಾರಣದಿಂದ. ಬಾಗಿಲನ್ನು ಪೂರ್ತಿ ಕಳಚಿಡಬಹುದಾದ ಕೆಲವು ವಾಹನಗಳಲ್ಲಿ ಇಂದಿಗೂ ನೇಯ್ದ ಬಾರು ಇರುತ್ತದೆ. ಆದರೆ ಬಾರು ಮಿತಿ ಹಾಕಬಲ್ಲದು, ಹಿಡಿದು ನಿಲ್ಲಿಸಲಾರದು. ಆದ್ದರಿಂದ ನೇಯ್ದ ಬಗೆಗೆ ‘ಬಾಗಿಲ ಬಾರು’ ಎಂದು ಬಳಸಿ, ಲೋಹದ ಬಗೆಗೆ ಬೇರೆ ಪದ ಹುಡುಕುವುದು ಸರಿಯೆನ್ನಿಸುತ್ತದೆ. (‘ಬಾರು’ ಎಂದಾಗ ಮದ್ಯದಂಗಡಿ ನೆನಪಾಗುವುದಿಲ್ಲವೇ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ.)

‘ಅಂಕೆ’ ಎರಡೂ ಕೆಲಸಗಳನ್ನು ಒಟ್ಟಿಗೆ ಹೇಳುವ ಅಪರೂಪದ ಪದ. ಅಂಕೆಯಲ್ಲಿಡುವುದೆಂದರೆ ಮೇರೆ ಮೀರದಂತೆಯೂ ನೋಡಿಕೊಳ್ಳುವುದು, ಇದ್ದಲ್ಲಿ ಇರುವಂತೆಯೂ ನೋಡಿಕೊಳ್ಳುವುದು. ‘ಬಾಗಿಲಂಕೆ’ ಎಂದು ಬರೆದು ಒಂದು ಇಡೀ ದಿನ ಸಂತೋಷವಾಗಿದ್ದೆ. ಮರುದಿನ ವಾಕ್ಯದಲ್ಲಿಟ್ಟು ಓದಿದರೆ, ಬಾಗಿಲ ಮೇಲೆ ಬರೆದ ಸಂಖ್ಯೆಯನ್ನು ತೆಗೆಯಿರಿ ಎಂದು ಕೇಳಿಸಿತು. ಅಂಕಿಯೂ ಅಂಕೆಯೂ ಬರಹದಲ್ಲಿ ಒಂದಕ್ಕೊಂದು ಬದಲಾಗಿ ಬರುವಾಗ ಈ ಅಪಾಯ ಇದ್ದದ್ದೇ.

ಹಿಡಿಯುವ ಅರ್ಥದ ಪದಗಳೆಲ್ಲ ಈಗಾಗಲೇ ಬೇರೆಯವರ ಪಾಲಾಗಿವೆ. ‘ಹಿಡಿ’, ‘ಹಿಡಿಕೆ’ ಎರಡೂ ಬಾಗಿಲು ತೆಗೆಯಲು ಕೈಯಿಡುವ ಜಾಗದ ಹೆಸರು. ‘ತಡೆಹಿಡಿ’ಯಲ್ಲಿ ತಡೆಯುವುದೂ ಹಿಡಿಯುವುದೂ ಸೇರಿಕೊಂಡು ನಮಗಾಗಿಯೇ ಹುಟ್ಟಿದಂತಿದೆ, ಆದರೆ ಅದು ಸಂಬಳ, ಬಡ್ತಿ, ಫಲಿತಾಂಶಗಳ ಸಹವಾಸದಲ್ಲಿ ಬೆಳೆದ ಕ್ರಿಯಾಪದ. ಇಂಗ್ಲಿಷಿನಲ್ಲಿ ಈ ಭಾಗಕ್ಕಿರುವ ‘ಡೋರ್ ಸ್ಟೇ’ ಎಂಬ ಇನ್ನೊಂದು ಹೆಸರನ್ನು ಕಂಡು ಯಾರಾದರೂ ‘ಬಾಗಿಲ ತಡೆಯಾಜ್ಞೆ’ ಎಂದು ಬರೆದರೂ ಆಶ್ಚರ್ಯವಿಲ್ಲ. ಕಿಟಕಿಯ ಕದ ಗಾಳಿಗೆ ಬಡಿದುಕೊಳ್ಳದಂತೆ ಹಾಕುವ ‘ಕೊಕ್ಕೆ’ ಗುಣದಲ್ಲಿ ಹತ್ತಿರದ ಬಂಧು. ಅದು ಕದವನ್ನು ಹಿಡಿಯುವುದು ಒಂದೇ ನಿಲುವಿನಲ್ಲಿ, ಅದೂ ಕೈಯಿಂದ ಹಾಕಿ ತೆಗೆಯಬೇಕು ಎಂಬುದಷ್ಟೇ ವ್ಯತ್ಯಾಸ.

ವಿಚಿತ್ರವೆಂದರೆ, ಬಾಗಿಲಿನ ನಿಲುವುಗಳಿಗೆ ಕನ್ನಡದಲ್ಲಿ ಮಾತಿನ ಬಡತನವಿಲ್ಲ. ಬಾಗಿಲನ್ನು ಓರೆ ಮಾಡುತ್ತೇವೆ, ಚಿಲಕ ಹಾಕದೆ ಮುಂದೆ ಮಾಡಿಕೊಳ್ಳುತ್ತೇವೆ, ಪೂರ್ತಿ ತೆರೆದುಕೊಂಡಿದ್ದರೆ ಹಾರುಹೊಡೆದಿದೆ ಎನ್ನುತ್ತೇವೆ. ಇವೆಲ್ಲ ಬಾಗಿಲು ಎಷ್ಟು ತೆರೆದಿದೆ ಎಂಬುದರ ಅಳತೆಗಳೇ ಅಲ್ಲವೇ? ಹಾರುಹೊಡೆಯದಂತೆ ನೋಡಿಕೊಳ್ಳುವ ಸಾಧನಕ್ಕೆ ಮಾತ್ರ ಹೆಸರಿಲ್ಲ. ಬಹುಶಃ ಮನೆಯ ಬಾಗಿಲು ಗೋಡೆಗೆ ತಾಗಿ ತಾನಾಗಿ ನಿಲ್ಲುತ್ತಿದ್ದರಿಂದ ಅಂಥ ಹೆಸರಿನ ಅಗತ್ಯವೇ ಬೀಳಲಿಲ್ಲ. ಗಾಡಿಯ ಬಾಗಿಲಿಗೆ ಗೋಡೆಯಿಲ್ಲ.

ಕೊನೆಗೆ ಉಳಿಯುವುದು ‘ತಡೆ’. ಇದನ್ನು ಎಲ್ಲಿಡಬೇಕೆಂಬುದೂ ಮುಖ್ಯ. ‘ರಸ್ತೆ ತಡೆ’ ಎಂದರೆ ರಸ್ತೆಯನ್ನೇ ತಡೆಯುವುದಾದ್ದರಿಂದ, ಅದೇ ಜಾಡಿನಲ್ಲಿ ‘ಬಾಗಿಲು ತಡೆ’ ಎಂದರೆ ಬಾಗಿಲಲ್ಲಿ ಅಡ್ಡ ನಿಂತಂತಾಗುತ್ತದೆ. ‘ತಡೆಗೋಡೆ’, ‘ತಡೆ ಅಣೆ’ಗಳಲ್ಲಿರುವಂತೆ ತಡೆ ಮೊದಲು ಬಂದು, ಅದರ ಹಿಂದೆ ಮುಟ್ಟಿ ನೋಡಬಹುದಾದ ವಸ್ತುವಿನ ಹೆಸರು ಬಂದರೆ, ಆ ವಸ್ತುವೇ ತಡೆಯುವಂಥದ್ದು ಎಂದು ಸರಿಯಾಗಿ ಅರ್ಥವಾಗುತ್ತದೆ. ಹಾಗಾಗಿ ‘ಕೊಂಡಿ’ಯನ್ನೂ ‘ತೋಳ’ನ್ನೂ ಪ್ರಯತ್ನಿಸಿದೆ. ‘ಮಳೆ’ಯೂ ‘ಕಾಲ’ವೂ ಸೇರಿ ‘ಮಳೆಗಾಲ’ ಆಗುವಂತೆ ಆದೇಶಸಂಧಿ ಮಾಡಿದರೆ ‘ತಡೆಗೊಂಡಿ’ ಆಗುತ್ತದೆ. ‘ತಡೆಗೊಂಡಿ ಇದೆ’ ಎಂಬುದು ಸ್ವಲ್ಪ ವೇಗವಾಗಿ ಓದಿದವರಿಗೆ ‘ತಡೆಗೊಂಡಿದೆ’ ಆಗಿಬಿಡುತ್ತದೆ. ತೋಳಿಗೆ ಅದೇ ಸಂಧಿ ಮಾಡಿದರೆ ‘ತಡೆದೋಳು’. ಆಡುಮಾತಿನಲ್ಲಿ ಅದು ತಡೆದ ಹೆಂಗಸು. ಸಂಧಿ ಮಾಡದೆ ‘ತಡೆತೋಳು’ ಎಂದು ಬಿಟ್ಟರೆ ಈ ಯಾವ ತೊಂದರೆಯೂ ಇಲ್ಲ, ‘ಕೈತೋಟ’ದಲ್ಲಿ ತಕಾರ ಹಾಗೇ ಉಳಿದಿರುವುದು ನನಗೆ ಧೈರ್ಯ ಕೊಡುತ್ತದೆ. ಕೈಪಿಡಿಯಲ್ಲಿ ಸದ್ಯಕ್ಕೆ ‘ಬಾಗಿಲಿನ ತಡೆತೋಳನ್ನು ಬಿಚ್ಚಿ ತೆಗೆಯಿರಿ’ ಎಂದು ಬರೆದಿದ್ದೇನೆ. ತಗ್ಗುಗಳಿಗೆ ಬಡಗಿಗಳ ‘ಕಚ್ಚು’ ಪದವನ್ನು ಎರವಲು ಪಡೆದು ‘ಮೊದಲ ಕಚ್ಚು’, ‘ಎರಡನೆಯ ಕಚ್ಚು’ ಎಂದಿದ್ದೇನೆ.

ಮೂರು ವಿಷಯಗಳಲ್ಲಿ ನಿಮ್ಮ ನೆರವು ಬೇಕು. ‘ತಡೆತೋಳು’ ಎಂದು ಸಂಧಿಯಿಲ್ಲದೆ ಬರೆಯುವುದಕ್ಕೆ ವ್ಯಾಕರಣ ಬಲ್ಲವರ ಒಪ್ಪಿಗೆ ಇದೆಯೇ, ಅಥವಾ ‘ತಡೆಯುವ ತೋಳು’ ಎಂದು ಬಿಡಿಸಿ ಬರೆಯುವುದು ಉತ್ತಮವೇ? ದುರಸ್ತಿಯ ಕೆಲಸ ಮಾಡುವವರಿಂದ ನನ್ನ ಕಿವಿಗೆ ಹೆಚ್ಚಾಗಿ ಬಿದ್ದಿರುವುದು ‘ಸ್ಟಾಪರ್’ ಎಂಬ ಪದ. ಬಾಗಿಲಿನ ಕೆಳಗೆ ಸಿಕ್ಕಿಸುವ ರಬ್ಬರ್ ತುಂಡಿಗೂ ಅದೇ ಹೆಸರಿದ್ದರೂ ಓದುಗರಿಗೆ ಪರಿಚಿತವಾದ ಅದನ್ನು ಮೊದಲ ಸಲ ಬರುವಲ್ಲಿ ಜೊತೆಗೆ ಕೊಡಬೇಕೆಂದಿದ್ದೇನೆ, ಇದಕ್ಕಿಂತ ಬೇರೆ ಮಾತು ಬಳಕೆಯಲ್ಲಿರುವುದನ್ನು ಕೇಳಿದವರು ತಿಳಿಸಬೇಕು. ಮೂರನೆಯದು ಹೆಚ್ಚು ಕಷ್ಟದ್ದು. ಕೆಲವು ವಾಹನಗಳಲ್ಲಿ ಈ ವ್ಯವಸ್ಥೆ ಕೀಲಿನೊಳಗೇ ಅಡಕವಾಗಿರುತ್ತದೆ, ಅಲ್ಲಿ ತೋಳೇ ಇರುವುದಿಲ್ಲ. ಇನ್ನು ಕೆಲವದರಲ್ಲಿ ತೋಳಿದ್ದರೂ ಕಚ್ಚುಗಳಿಲ್ಲ, ಬಾಗಿಲನ್ನು ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತದೆ. ಎರಡನೆಯ ಬಗೆಯನ್ನು ‘ಕಚ್ಚಿಲ್ಲದ ತಡೆತೋಳು’ ಎಂದು ಹೇಗೋ ದಾಟಿಸಿದ್ದೇನೆ. ತೋಳಿಲ್ಲದ ಮೊದಲ ಬಗೆಗೆ ‘ತಡೆಗೀಲು’ ಎಂದು ಬರೆದು, ಅದರ ಮುಂದೆ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.