ಕಾಡುಹೂವಿನ ಬೀಜ ಚೆಲ್ಲಿದೆ, ಎದ್ದಿದ್ದು ಬರೀ ಕಾಂಗ್ರೆಸ್ ಗಿಡ

ಕ್ಯಾತ್ಸಂದ್ರದ ಹೊಸಬ, ಜೂನ್ 9

ತುಮಕೂರು ಕ್ಯಾತ್ಸಂದ್ರದ ಹತ್ತಿರ ನಮ್ಮ ಮನೆ. ಪಕ್ಕದಲ್ಲೇ ನಮ್ಮದೊಂದು 30×40 ಖಾಲಿ ಸೈಟು, ಕೆಂಪು ಮಣ್ಣು, ಅಲ್ಲಲ್ಲಿ ನೊರಜುಗಲ್ಲು. ಚಿಟ್ಟೆ, ಜೇನು ಬರಲಿ ಅಂತ ಹೋದ ವರ್ಷ ಆನ್‌ಲೈನ್‌ನಲ್ಲಿ ‘ಕಾಡುಹೂವಿನ ಮಿಶ್ರಣ’ ತರಿಸಿ ಚೆಲ್ಲಿದ್ದೆ. ಕಾಸ್ಮಾಸ್ ಚೆನ್ನಾಗೇ ಬಂತು. ಈ ವರ್ಷ ಮಳೆ ಬಿದ್ದಿದ್ದೇ ತಡ, ಸೈಟ್ ತುಂಬ ಕಾಂಗ್ರೆಸ್ ಗಿಡ, ನಡುವೆ ಜೇಕಿನ ಹುಲ್ಲು. ಹೂಗಿಡ ಹತ್ತೋ ಹನ್ನೆರಡೋ ಇವೆ, ಅವೂ ಸೊಂಟದೆತ್ತರ ಬೆಳೆದು ಮಲಗಿಬಿಟ್ಟಿವೆ. ಸಾಲದ್ದಕ್ಕೆ ಬಿಳಿಚು ಮೈಮೇಲೆ ಕಂದು ಗೆರೆ ಇರೋ ಸಣ್ಣ ದುಂಬಿಗಳು ಎಲೆ ತಿಂತಾ ಇವೆ. ಬೇವಿನೆಣ್ಣೆ ಹೊಡೀಲಾ? ಸ್ವಲ್ಪ ಯೂರಿಯಾ ಕೊಟ್ಟರೆ ಹೂ ಹೆಚ್ಚುತ್ತಾ?

ಹೊನ್ನಾವರಿಕೆ, ಚಿಕ್ಕಬಳ್ಳಾಪುರ

ಯೂರಿಯಾ ಮುಟ್ಟಲೇಬೇಡಿ. ಮೊದಲು ಇದು ಹೇಳಿ: ಬಿತ್ತೋ ಮುಂಚೆ ಮಣ್ಣಿಗೆ ಏನೇನು ಮಾಡಿದಿರಿ? ನೀರು ಎಷ್ಟು? ದುಂಬಿ ತಿಂತಿರೋದು ಯಾವ ಗಿಡದ ಎಲೆ?

ಕ್ಯಾತ್ಸಂದ್ರದ ಹೊಸಬ

ರೋಟವೇಟರ್ ಎರಡು ಸಲ ಹೊಡೆಸಿದೆ ಮೇಡಂ. ಒಂದು ಟ್ರ್ಯಾಕ್ಟರ್ ಲೋಡು ಕೊಟ್ಟಿಗೆ ಗೊಬ್ಬರ. ಡ್ರಿಪ್ ದಿನಾ ಅರ್ಧ ಗಂಟೆ. ಈಗ ಹೋಗಿ ನೋಡಿ ಬಂದೆ, ದುಂಬಿ ಇರೋದು ಕಾಂಗ್ರೆಸ್ ಗಿಡದ ಮೇಲೇ!

ಹೊನ್ನಾವರಿಕೆ, ಚಿಕ್ಕಬಳ್ಳಾಪುರ

ಹಾಗಾದರೆ ಬೇವಿನೆಣ್ಣೆ ಬಾಟ್ಲಿ ಒಳಗಿಡಿ. ಕಾಂಗ್ರೆಸ್ ಗಿಡ ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತರಿಸಿ, 1984ರಲ್ಲಿ ಬೆಂಗಳೂರಲ್ಲಿ ಬಿಟ್ಟ ದುಂಬಿ ಅದು. ಮಳೆಗಾಲದಲ್ಲಿ ಬಿಟ್ಟಿ ಕೂಲಿ ಮಾಡುತ್ತೆ. ಕಾಸ್ಮಾಸ್ ಕೂಡ ಮೆಕ್ಸಿಕೋದ್ದೇ. ಜೇನು ಬರುತ್ತೆ ನಿಜ, ಆದರೆ ನಮ್ಮ ಚಿಟ್ಟೆ ಮರಿಗಳಿಗೆ ಅದು ಊಟವಲ್ಲ. ನಿಮ್ಮ ಸೈಟಲ್ಲಿ ಕಳೆ, ಹೂ, ದುಂಬಿ ಎಲ್ಲ ಪರವೂರಿನ ನೆಂಟರೇ ಆಗಿದ್ದಾರೆ.

ತಪ್ಪಾಗಿದ್ದು ಬೀಜದಲ್ಲಿ ಮಾತ್ರ ಅಲ್ಲ, ಉಪಚಾರದಲ್ಲಿ. ನಮ್ಮ ಕಡೆಯ ತುಂಬೆ, ವಿಷ್ಣುಕ್ರಾಂತಿ, ತಂಗಡಿ ಎಲ್ಲ ಗೋಮಾಳದ ಬಡ ಮಣ್ಣಿನವು. ಗೊಬ್ಬರ, ನೀರು ಸಿಕ್ಕಿದಲ್ಲಿ ದಾಂಡಿಗ ಕಳೆ ಮೊದಲು ಎದ್ದು ಅವುಗಳ ಮೇಲೆ ನೆರಳು ಹಾಕುತ್ತೆ. ಹೂಗಿಡವೂ ಬರೀ ಸೊಪ್ಪಾಗಿ ಮಲಗುತ್ತೆ, ನಿಮಗೆ ಆಗಿರೋದು ಅದೇ. ಮಾಗದ ಗೊಬ್ಬರವಾದರೆ ಅದರ ಜೊತೆಗೇ ಕಳೆಬೀಜವೂ ಬಂದಿರುತ್ತೆ. ರೋಟವೇಟರ್ ಆಳದಲ್ಲಿ ಮಲಗಿದ್ದ ಕಾಂಗ್ರೆಸ್ ಬೀಜವನ್ನು ಬೆಳಕಿಗೆ ಎತ್ತಿತು, ಜೇಕಿನ ಗೆಡ್ಡೆ ತುಂಡು ಮಾಡಿ ಹಂಚಿತು.

ಡ್ರಿಪ್ ಈವತ್ತೇ ನಿಲ್ಲಿಸಿ. ಕಾಂಗ್ರೆಸ್ ಗಿಡ ಹೂ ಬಿಡೋ ಮುಂಚೆ, ಮಣ್ಣು ಹಸಿ ಇರುವಾಗ ಬೇರು ಸಮೇತ ಕೀಳಿ. ಕುಡುಗೋಲಲ್ಲಿ ಸವರಿದರೆ ಬುಡದಿಂದ ಮತ್ತೆ ಚಿಗುರುತ್ತೆ. ಕೈಗವಸು, ತುಂಬು ತೋಳಿನ ಅಂಗಿ ಬೇಕೇ ಬೇಕು. ನನ್ನ ತಮ್ಮ ಬರಿಗೈಲಿ ಕಿತ್ತು ತಿಂಗಳುಗಟ್ಟಲೆ ತುರಿಸಿಕೊಂಡ. ಆಮೇಲೆ ಇನ್ನೊಂದು ಮಳೆ ಬೀಳಲಿ, ಮತ್ತೆ ಹುಟ್ಟಿದ್ದನ್ನು ಮೇಲಿಂದ ಮೇಲೆ ಕೆರೆಯಿರಿ, ಅಂಗುಲಕ್ಕಿಂತ ಆಳ ಬೇಡ. ಹೀಗೆ ಎರಡು ಸುತ್ತು ಆದ ಮೇಲೆ ಬಿತ್ತನೆ.

ಬೀಜದ ಡಬ್ಬಿ, ಮಾಲೂರು

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸ್ತೀನಿ. ಜಾಗ ಬರಿದಾಗಿದ್ದರೆ ಕಾಂಗ್ರೆಸ್ ಮತ್ತೆ ಬರುತ್ತೆ, ಅದಕ್ಕೆ ಒಂದು ಅಂಚಿಗೆ ತಗಚೆ ಚೆಲ್ಲಿ. ಒತ್ತಾಗಿ ಎದ್ದು ಅದನ್ನು ತುಳಿಯುತ್ತೆ, ಹಳದಿ ಚಿಟ್ಟೆಗಳೂ ಅದರ ಮೇಲೆ ಮೊಟ್ಟೆ ಇಡ್ತವೆ. ತಗಚೆ, ತಂಗಡಿ ಬೀಜದ ಸಿಪ್ಪೆ ಕಲ್ಲಿನ ಹಾಗೆ. ಕುದಿಸಿ ಇಳಿಸಿದ ನೀರು ಹೊಯ್ದು ಒಂದು ರಾತ್ರಿ ಬಿಡಿ, ಉಬ್ಬಿದ್ದನ್ನು ಬಿತ್ತಿ. ತುಂಬೆ ಬೀಜ ಹೂಳಬೇಡಿ. ಮರಳಲ್ಲಿ ಕಲಸಿ ಚೆಲ್ಲಿ, ಮೇಲೆ ಕಾಲಲ್ಲಿ ತುಳಿದರೆ ಸಾಕು. ಮಳೆ ಮೋಡ ನೋಡಿಕೊಂಡೇ ಚೆಲ್ಲಿ, ಇಲ್ಲದಿದ್ದರೆ ಇರುವೆ ಪಾಲು.

ಬೀಜ ಬೇಕು ಅಂತ ದೇವರಾಯನದುರ್ಗದ ಕಾಡಿಗೆ ಕೈ ಹಾಕಬೇಡಿ. ಹೋದ ಚಳಿಗಾಲದಲ್ಲಿ ರಸ್ತೆ ಬದಿ, ಹೊಲದ ಬದುವಲ್ಲಿ ಆಯ್ದಿದ್ದು ನನ್ನ ಹತ್ತಿರ ಇದೆ, ಅಂಚೆಯಲ್ಲಿ ಹಾಕ್ತೀನಿ. ತುಂಬೆಯಿಂದಲೇ ತುಮಕೂರು ಅನ್ನೋ ಮಾತಿದೆ. ನಿಮ್ಮೂರಿಗೆ ಮಾಲೂರಿಂದ ತುಂಬೆ ಬೀಜ ಕಳಿಸೋ ಕಾಲ ಬಂತು ನೋಡಿ!

ಕ್ಯಾತ್ಸಂದ್ರದ ಹೊಸಬ, ಅಕ್ಟೋಬರ್ 27

ಇಷ್ಟು ದಿನ ಸುಮ್ಮನಿದ್ದಿದ್ದಕ್ಕೆ ಕ್ಷಮಿಸಿ. ಎರಡಲ್ಲ, ಮೂರು ಸುತ್ತು ಕೆರೆದು ಆಗಸ್ಟಲ್ಲಿ ಬಿತ್ತಿದೆ. ತುಂಬೆ ಈಗ ಬೆಳ್ಳಗೆ ಬಿಟ್ಟಿದೆ, ಬೆಳಿಗ್ಗೆ ಎಂಟಕ್ಕೆ ಹೋದರೆ ಜೇನಿನ ಸದ್ದು ಕಿವಿಗೆ ಬೀಳುತ್ತೆ. ತಂಗಡಿ ಏಳೇ ಸಸಿ. ನಾನು ಬಿತ್ತದ ವಿಷ್ಣುಕ್ರಾಂತಿ ನೊರಜು ಇದ್ದ ಕಡೆ ತಾನಾಗೇ ಎದ್ದಿದೆ, ಅಷ್ಟು ನೀಲಿ ಹೂ ನನ್ನ ಸೈಟಲ್ಲಿ ನೋಡ್ತೀನಿ ಅಂದುಕೊಂಡಿರಲಿಲ್ಲ. ಗೊಬ್ಬರ ರಾಶಿ ಹಾಕಿದ್ದ ಮೂಲೆ ಮಾತ್ರ ಜಪ್ಪಯ್ಯ ಅಂದರೂ ಬಗ್ಗಲಿಲ್ಲ, ಅಲ್ಲಿ ಇನ್ನೂ ಕಾಂಗ್ರೆಸ್ಸೇ.

ಈಗ ಹೊಸ ತಲೆನೋವು. ಪಕ್ಕದ ಮನೆಯವರು ‘ಕಳೆ ಬೆಳೆಸಿದ್ದೀರಿ, ಹಾವು ಬರುತ್ತೆ, ಜೆಸಿಬಿ ತರಿಸಿ’ ಅಂತಾರೆ. ಎಲ್ಲ ಕುಯ್ದುಬಿಡಲಾ?

ಹೊನ್ನಾವರಿಕೆ, ಚಿಕ್ಕಬಳ್ಳಾಪುರ

ಈಗ ಕುಯ್ದರೆ ಮುಂದಿನ ವರ್ಷದ ಬೀಜ ಹೋಯ್ತು. ಅವರ ಕಾಂಪೌಂಡ್ ಕಡೆ ಮೂರಡಿ ಅಗಲ ನೆಲಮಟ್ಟಕ್ಕೆ ಸವರಿ, ಮಧ್ಯದಲ್ಲೂ ಒಂದು ಕಾಲುದಾರಿ ಬಿಡಿ. ಹಾವಿನ ಭಯವೂ ಕಡಿಮೆಯಾಗುತ್ತೆ, ಬೇಕಂತಲೇ ಬೆಳೆಸಿದ್ದಾರೆ ಅನ್ನೋದೂ ನೋಡಿದವರಿಗೆ ಗೊತ್ತಾಗುತ್ತೆ. ನಮ್ಮ ಬೀದೀಲಿ ಬಾಯಿ ಮುಚ್ಚಿಸಿದ್ದು ಆ ಮೂರಡಿಯೇ.

ಉಳಿದಿದ್ದು ಸಂಕ್ರಾಂತಿ ಹೊತ್ತಿಗೆ. ತುಂಬೆಯ ತಲೆ ಕಂದಾಗಿ, ಅಲ್ಲಾಡಿಸಿದರೆ ಬೀಜ ಉದುರಬೇಕು. ಕುಯ್ದು ಎರಡು ದಿನ ಅಲ್ಲೇ ಬಿಡಿ, ಆಮೇಲೆ ಹೊರಗೆ ಸಾಗಿಸಿ. ಅಲ್ಲೇ ಕೊಳೆತರೆ ಅದೇ ಗೊಬ್ಬರವಾಗುತ್ತೆ. ಮೂರರಲ್ಲೊಂದು ಪಾಲು ಮುಟ್ಟಬೇಡಿ, ಕಡ್ಡಿಗಳಲ್ಲಿ ಚಿಟ್ಟೆ ಕೋಶ ಇರುತ್ತೆ. ತಗಚೆ ಕಾಯಿ ಮಾತ್ರ ಒಡೆಯೋ ಮುಂಚೆ ಮುಕ್ಕಾಲು ಪಾಲು ಕಿತ್ತುಬಿಡಿ, ಇಲ್ಲದಿದ್ದರೆ ಮುಂದಿನ ಜೂನ್‌ಗೆ ‘ಬರೀ ತಗಚೆ’ ಅಂತ ಬರೀತೀರಿ.

ಕ್ಯಾತ್ಸಂದ್ರದ ಹೊಸಬ

ಆ ಗೊಬ್ಬರದ ಮೂಲೆಗೆ?

ಬೀಜದ ಡಬ್ಬಿ, ಮಾಲೂರು

ಮುಂಗಾರಿಗೆ ಅಲ್ಲಿ ಜೋಳ ಒತ್ತಾಗಿ ಹಾಕಿ, ಹಸಿರಿರುವಾಗಲೇ ಕುಯ್ದು ಯಾರ ಹಸುವಿಗಾದರೂ ಕೊಡಿ. ಎರಡು ವರ್ಷ ಹೀಗೆ ಮಾಡಿದರೆ ಸಾರ ಇಳಿಯುತ್ತೆ. ತೆನೆ ಒಡೆಯೋ ಮುಂಚಿನ ಎಳೆ ಜೋಳ ಮಾತ್ರ ಹಸುವಿಗೆ ಹಾಕಬೇಡಿ, ವಿಷ ಇರುತ್ತೆ.